ಟ್ರಯಲ್ಸ್ ಸೈಕಲ್: ಹಳೆಯದರಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಕಾಲು ನೆಲಕ್ಕೆ ತಾಗಿಸದೆ ಬಂಡೆ, ಕಟ್ಟೆ, ಮರದ ದಿಮ್ಮಿಗಳ ಮೇಲೆ ಸೈಕಲ್ಲನ್ನು ಕುಪ್ಪಳಿಸುತ್ತ ಹತ್ತಿಸುವ ಆಟ ಟ್ರಯಲ್ಸ್. ಸ್ಪೇನ್, ಫ್ರಾನ್ಸ್, ಬ್ರಿಟನ್‌ಗಳಲ್ಲಿ ಇದಕ್ಕೆಂದೇ ಸೈಕಲ್, ಬಿಡಿಭಾಗ ಮಾರುವ ಅಂಗಡಿಗಳಿವೆ. ನಮ್ಮಲ್ಲಿ ಆಸೆಪಟ್ಟವರು ಹಳೆಯ ಭಾಗಗಳನ್ನು ಹೊಂದಿಸಿಯೇ ಕಟ್ಟಿಕೊಳ್ಳಬೇಕು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕೇಳಿವೆ.

ಮನೆಯಲ್ಲಿ 26 ಇಂಚಿನ ಹಳೆಯ ಗೇರ್ ಸೈಕಲ್ ಮೂಲೆಗೆ ಬಿದ್ದಿದೆ. ಡ್ಯಾನಿ ಮ್ಯಾಕ್‌ಆಸ್ಕಿಲ್ ಅವರ ವಿಡಿಯೊ ನೋಡಿ ಆಸೆ ಹುಟ್ಟಿದೆ. ಇದನ್ನೇ ಟ್ರಯಲ್ಸ್ ಸೈಕಲ್ ಮಾಡಿಕೊಳ್ಳಬಹುದೇ?
— ಓದುಗರು, ಚಿತ್ರದುರ್ಗ

ಕಲಿಯುವುದಕ್ಕೆ ಸಾಲುವಂಥದ್ದು ಮಾಡಬಹುದು. ಸ್ಪರ್ಧೆಯ ಸೈಕಲ್ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎನ್ನುವುದಕ್ಕೆ ಟೇಪು ಹಿಡಿದು ಎರಡು ಅಳತೆ ತೆಗೆದರೆ ಸಾಕು.

ಸೈಕಲ್ಲನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ನೆಲದಿಂದ ಹಿಂಚಕ್ರದ ಆಕ್ಸಲಿನ ನಡುವಿಗೆ ಎಷ್ಟು, ಕ್ರ್ಯಾಂಕು (ಪೆಡಲಿನ ತೋಳು) ಕೂರುವ ಬಿಬಿ (ಬಾಟಮ್ ಬ್ರ್ಯಾಕೆಟ್) ಆಕ್ಸಲಿನ ನಡುವಿಗೆ ಎಷ್ಟು ಎಂದು ಅಳೆಯಿರಿ. ಸಾಮಾನ್ಯ ಎಂಟಿಬಿಯಲ್ಲಿ (ಮೌಂಟನ್ ಬೈಕ್) ಬಿಬಿ 20–30 ಮಿ.ಮೀ. ಕೆಳಗಿರುತ್ತದೆ. 26 ಇಂಚಿನ ಟ್ರಯಲ್ಸ್ ಸೈಕಲ್ಲಿನಲ್ಲಿ ಅದು ಚಕ್ರದ ಆಕ್ಸಲಿಗಿಂತ 15ರಿಂದ 80 ಮಿ.ಮೀ. ತನಕ ಮೇಲಿರುತ್ತದೆ. ಎರಡನೆಯದು ಬಿಬಿಯಿಂದ ಹಿಂಚಕ್ರದ ಆಕ್ಸಲಿನ ದೂರ. ಎಂಟಿಬಿಯಲ್ಲಿ ಸುಮಾರು 425, ಟ್ರಯಲ್ಸ್‌ನಲ್ಲಿ 375–390. ಹಿಂಚಕ್ರದ ಮೇಲೆ ನಿಂತು ಕುಪ್ಪಳಿಸುವಾಗ ನಿಮ್ಮ ಮೈಭಾರ ಆ ಆಕ್ಸಲಿನ ನೇರ ಮೇಲೆ ಬರಬೇಕು. ಬಿಬಿ ಎತ್ತರವಿದ್ದು ಹಿಂಬದಿ ಗಿಡ್ಡವಿದ್ದರೆ ಅದು ಸುಲಭ. ಇಲ್ಲದಿದ್ದರೆ ಪ್ರತಿ ಸಲವೂ ಮುಂಚಕ್ರವನ್ನು ತೋಳಿನ ಬಲದಿಂದ ಎಳೆದು ಹಿಡಿಯಬೇಕು. ಉದ್ದದ ಫೋರ್ಕು ಹಾಕಿ ಬಿಬಿ ಎತ್ತರಿಸುತ್ತೇನೆ ಎನ್ನುವವರಿಗೆ ಒಂದು ಲೆಕ್ಕ: ಫೋರ್ಕು 20 ಮಿ.ಮೀ. ಉದ್ದವಾದರೆ ಬಿಬಿ ಏರುವುದು 8 ಮಿ.ಮೀ. ಆಸುಪಾಸು. ಹೆಡ್ ಟ್ಯೂಬಿನ (ಫೋರ್ಕು ತೂರುವ ಮುಂದಿನ ಕೊಳವೆ) ಕೋನ ಮಾತ್ರ ಒಂದು ಡಿಗ್ರಿಯಷ್ಟು ಹಿಂದಕ್ಕೆ ಬಾಗಿ ಹ್ಯಾಂಡಲ್ ತಿರುಗುವ ಚುರುಕು ಹೋಗುತ್ತದೆ. ಲಾಭಕ್ಕಿಂತ ನಷ್ಟವೇ ಜಾಸ್ತಿ.

ಹೀಗಿದ್ದರೂ ಮಾಡುವುದಾದರೆ, ಫ್ರೇಮು 14 ಅಥವಾ 15 ಇಂಚಿನ ಗಿಡ್ಡ ಅಳತೆಯದಾಗಿರಲಿ. ಸಸ್ಪೆನ್ಷನ್ ಫೋರ್ಕು ತೆಗೆಯಿರಿ, ಅದು ನೀವು ಜಿಗಿಯಲು ಹಾಕಿದ ಬಲವನ್ನೆಲ್ಲ ತಾನೇ ನುಂಗುತ್ತದೆ. ಅದರ ಜಾಗಕ್ಕೆ ಆಕ್ಸಲಿನಿಂದ ಕ್ರೌನಿನವರೆಗೆ (ಫೋರ್ಕಿನ ಎರಡು ಕಾಲು ಮೇಲೆ ಕೂಡುವ ಜಾಗ) 410–425 ಮಿ.ಮೀ. ಇರುವ ಗಟ್ಟಿ ಫೋರ್ಕು. ಗೇರುಗಳನ್ನೆಲ್ಲ ಬಿಚ್ಚಿ ಮುಂದೆ 18, ಹಿಂದೆ 15 ಹಲ್ಲು, ಅಥವಾ 22ಕ್ಕೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಎರಡೂವರೆ ಮೀಟರ್ ಹೋಗುತ್ತದೆ. ಟ್ರಯಲ್ಸ್‌ಗೆ ಅಷ್ಟೇ ಬೇಕು. ಹಿಂದಿನ ಡ್ರಾಪ್‌ಔಟು (ಫ್ರೇಮಿನಲ್ಲಿ ಚಕ್ರದ ಆಕ್ಸಲ್ ಕೂರುವ ಸೀಳು) ಅಡ್ಡಕ್ಕೆ ಸೀಳಿದ್ದರೆ ಚಕ್ರ ಹಿಂದೆ ಸರಿಸಿ ಚೈನ್ ಬಿಗಿ ಮಾಡಬಹುದು. ನೆಟ್ಟಗೆ ಕೆಳಕ್ಕೆ ಸೀಳಿದ್ದರೆ ಚೈನನ್ನು ಕೆಳಗಿನಿಂದ ಮೇಲಕ್ಕೆ ಒತ್ತುವ ಟೆನ್ಷನರ್ ಬೇಕೇಬೇಕು. ಗೇರ್ ಬದಲಿಸುವ ಹಳೆಯ ಡಿರೇಲರನ್ನೇ ಟೆನ್ಷನರ್ ಮಾಡಿಕೊಳ್ಳುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಅದರ ಸ್ಪ್ರಿಂಗ್ ಸಡಿಲ, ಜೋರಾಗಿ ಒದ್ದ ಕ್ಷಣದಲ್ಲೇ ಚೈನ್ ಹಲ್ಲು ಹಾರುತ್ತದೆ.

ಇನ್ನು ಮ್ಯಾಕ್‌ಆಸ್ಕಿಲ್ ವಿಷಯ. 2009ರಲ್ಲಿ ಎಡಿನ್‌ಬರೊ ಬೀದಿಗಳ ವಿಡಿಯೊದಿಂದ ಹೆಸರಾದ ಈ ಸ್ಕಾಟಿಷ್ ಸವಾರ ಓಡಿಸುವುದು ಸ್ಟ್ರೀಟ್ ಟ್ರಯಲ್ಸ್ ಸೈಕಲ್. ಅದಕ್ಕೆ ಸೀಟಿದೆ, ವೇಗವಾಗಿ ಓಡುತ್ತದೆ, ಸ್ಪರ್ಧೆಯ ಸೈಕಲ್ಲಿಗಿಂತ ಒಂದೆರಡು ಕಿಲೊ ಹೆಚ್ಚು ತೂಗುತ್ತದೆ. ಹಳೆಯ ಎಂಟಿಬಿಯಿಂದ ಕಟ್ಟುವವರು ಆ ಜಾತಿಗೆ ಹತ್ತಿರ ಹೋಗುತ್ತಾರೆ. ಅದೂ ಒಳ್ಳೆಯ ದಾರಿಯೇ.

26 ಇಂಚಿನ ಒಳ್ಳೆಯ ಹಳೆಯ ರಿಮ್ ಸಿಕ್ಕಿತೆಂದು ತಂದೆ. 26 ಇಂಚಿನ ಎಂಟಿಬಿ ಟಯರು ಅದಕ್ಕೆ ಎಷ್ಟೇ ಎಳೆದರೂ ಕೂರುತ್ತಿಲ್ಲ. ಟಯರಿನದೇ ದೋಷವೇ?
— ಓದುಗರು, ಹುಬ್ಬಳ್ಳಿ

ದೋಷ 26 ಎಂಬ ಅಂಕಿಯದು. ನಿಮ್ಮ ಕೈಗೆ ಬಂದಿರುವುದು ಲೇಡೀಸ್ ಸೈಕಲ್ಲಿನ 26×1⅜ ರಿಮ್. ಅದರಲ್ಲಿ ಟಯರಿನ ಅಂಚು ಕೂರುವ ವ್ಯಾಸ 590 ಮಿ.ಮೀ. ಎಂಟಿಬಿಯ 26 ಎಂದರೆ 559. ಮೂವತ್ತೊಂದು ಮಿಲಿಮೀಟರ್ ವ್ಯತ್ಯಾಸ ಯಾವ ಲಿವರಿಗೂ ಬಗ್ಗುವುದಿಲ್ಲ. ಬಲವಂತ ಮಾಡಿದರೆ ಟಯರಿನೊಳಗಿನ ತಂತಿ ಮುರಿಯುತ್ತದೆ.

ಟಯರಿನ ಪಕ್ಕೆಯಲ್ಲಿ 47-559, 54-559 ಎಂದು ಅಡ್ಡಗೆರೆಯ ಎರಡು ಅಂಕಿ ಅಚ್ಚಾಗಿರುತ್ತವೆ. ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಅಂಗಡಿಯವರು ಏನೇ ಹೇಳಲಿ, ಆ ಎರಡನೆಯ ಅಂಕಿಯನ್ನು ನಂಬಿ. 20 ಇಂಚಿನಲ್ಲೂ ಇದೇ ಗೋಜಲು. ಮಕ್ಕಳ ಬಿಎಂಎಕ್ಸ್ 20×2.125 ಎಂದರೆ 406, ಆದರೆ 20×1⅜ ಎಂದರೆ 451. 20 ಇಂಚಿನ ಟ್ರಯಲ್ಸ್ ಸೈಕಲ್ಲಿನಲ್ಲಿ ಮುಂದಿನದು ಮಾತ್ರ 406, ಹಿಂದಿನದು 19 ಇಂಚು ಎಂದು ಕರೆಸಿಕೊಳ್ಳುವ 387. ಆ 387ರ ಟಯರು ನಮ್ಮ ಕಡೆ ಸಿಗುವುದಿಲ್ಲ, ಬೇರೆ ಯಾವುದೂ ಅದಕ್ಕೆ ಹೊಂದುವುದೂ ಇಲ್ಲ. 20 ಇಂಚಿನ ಹಳೆಯ ಸ್ಪರ್ಧೆಯ ಸೈಕಲ್ ಕೊಳ್ಳುವವರು ಹಿಂದಿನ ಟಯರನ್ನು ಎಲ್ಲಿಂದ ತರಿಸುವುದು ಎಂದು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ದುಡ್ಡು ಕೊಡಿ.

ಟ್ರಯಲ್ಸ್‌ನಲ್ಲಿ ಫ್ರೀವೀಲ್ ಮುಂದಿನ ಕ್ರ್ಯಾಂಕಿಗೆ ಹಾಕುತ್ತಾರಲ್ಲ, ಅದಕ್ಕೆ ನಮ್ಮ ಸಾದಾ ಸೈಕಲ್ಲಿನ 18 ಹಲ್ಲಿನ ಫ್ರೀವೀಲ್ ಹಾಕಿದರೆ ಆಗದೇ? ಥ್ರೆಡ್ಡು ಸರಿಯಾಗಿ ಕೂರುತ್ತದೆ. ಆದರೆ ಒಂದೆರಡು ದಿನದಲ್ಲೇ ಪೆಡಲ್ ಜಾರಲು ಶುರುವಾಯಿತು. ಹಳೆಯದನ್ನು ಬಿಚ್ಚಲೂ ಆಗುತ್ತಿಲ್ಲ.
— ಓದುಗರು, ಬೆಂಗಳೂರು

ಥ್ರೆಡ್ಡು ಕೂರುವುದು ಸಹಜ. ಎರಡೂ 1.37 ಇಂಚು, ಇಂಚಿಗೆ 24 ಸುತ್ತು. ಆದರೆ ಒಳಗಿರುವ ವ್ಯವಸ್ಥೆ ಬೇರೆ.

ಸಾದಾ ಫ್ರೀವೀಲ್ ಒಂದು ಸುತ್ತಿಗೆ 18ರ ಆಸುಪಾಸು ಸಲ ಕಚ್ಚುತ್ತದೆ ಎಂದುಕೊಳ್ಳಿ. ಒಂದು ಕಚ್ಚಿನಿಂದ ಇನ್ನೊಂದಕ್ಕೆ 20 ಡಿಗ್ರಿ. 170 ಮಿ.ಮೀ. ಕ್ರ್ಯಾಂಕಿನ ತುದಿಯಲ್ಲಿ ಅದು ಸುಮಾರು 6 ಸೆಂ.ಮೀ. ಅಂದರೆ ಪೆಡಲ್ ಆರು ಸೆಂಟಿಮೀಟರ್ ಖಾಲಿ ಇಳಿದು, ನಿಮ್ಮ ಪೂರ್ತಿ ಮೈಭಾರ ವೇಗ ಪಡೆದುಕೊಂಡ ಮೇಲೆ ಕಚ್ಚುತ್ತದೆ. ಆ ಏಟನ್ನು ತಡೆಯುವುದು ಉಗುರಿನಷ್ಟಿರುವ ಎರಡು ಉಕ್ಕಿನ ನಾಲಗೆಗಳು. ಮೊದಲು ನಾಲಗೆಯ ಮೂಲೆ ಉರುಟಾಗುತ್ತದೆ, ಆಮೇಲೆ ಜಾರುತ್ತದೆ. ಟ್ರಯಲ್ಸ್ ಫ್ರೀವೀಲ್‌ಗಳಲ್ಲಿ 72 ಕಚ್ಚು ಅಂದರೆ 5 ಡಿಗ್ರಿ, ಪೆಡಲಿನಲ್ಲಿ ಒಂದೂವರೆ ಸೆಂ.ಮೀ. ಮಾತ್ರ. 108 ಕಚ್ಚಿನದರಲ್ಲಿ ಒಂದೇ ಸೆಂ.ಮೀ. ಬಂಡೆಯ ಅಂಚಿನಲ್ಲಿ ಹಿಂಚಕ್ರದ ಮೇಲೆ ನಿಂತವನಿಗೆ ಈ ವ್ಯತ್ಯಾಸ ಹಲ್ಲು ಉಳಿಯುವ, ಹೋಗುವ ವ್ಯತ್ಯಾಸ. ಸೈಕಲ್ ಕಟ್ಟುವ ದುಡ್ಡಿನಲ್ಲಿ ಹೊಸತಕ್ಕೆಂದು ಎತ್ತಿಡಬೇಕಾದ ಮೊದಲ ಪಾಲು ಫ್ರೀವೀಲಿನದು.

ಹಳೆಯ ಟ್ರಯಲ್ಸ್ ಫ್ರೀವೀಲ್ ಕೊಳ್ಳುವುದಾದರೆ ಕಿವಿಗೆ ಹತ್ತಿರ ಹಿಡಿದು ನಿಧಾನ ತಿರುಗಿಸಿ. ಟಕ್ ಟಕ್ ಸದ್ದು ಸುತ್ತಿಡೀ ಒಂದೇ ಸಮ ಇರಬೇಕು. ಎಲ್ಲಾದರೂ ಒಂದು ಸದ್ದು ಮಂಕಾದರೆ ಅಲ್ಲಿ ಒಳಹಲ್ಲು ಸವೆದಿದೆ ಅಥವಾ ನಾಲಗೆಯ ಸ್ಪ್ರಿಂಗ್ ಸತ್ತಿದೆ. ಒಳಗೆ ಗಟ್ಟಿ ಗ್ರೀಸು ತುಂಬಿ ಮಾರುವವರೂ ಇದ್ದಾರೆ. ಸದ್ದು ಅಡಗುತ್ತದೆ, ಆದರೆ ಗ್ರೀಸಿನಲ್ಲಿ ನಾಲಗೆ ಅಂಟಿಕೊಂಡು ಮೇಲೇಳುವುದಿಲ್ಲ. ಫ್ರೀವೀಲಿಗೆ ಯಾವತ್ತೂ ತೆಳು ಎಣ್ಣೆ. ಹೊಲಿಗೆ ಯಂತ್ರದ್ದು ಸಾಕು.

ಬಿಚ್ಚುವ ಕ್ರಮ: ಬೆಂಚ್‌ವೈಸಿನಲ್ಲಿ ಫ್ರೀವೀಲ್ ಟೂಲನ್ನು, ಅದರ ನಾಲ್ಕು ಗೂಟ ಮೇಲೆ ಬರುವಂತೆ, ಬಿಗಿಯಾಗಿ ಹಿಡಿಸಿ. ಕ್ರ್ಯಾಂಕನ್ನು ಫ್ರೀವೀಲ್ ಕೆಳಮುಖವಾಗಿ ಅದರ ಮೇಲೆ ಕೂರಿಸಿ. ಗೂಟಗಳು ಹಾರದಂತೆ ಕ್ರ್ಯಾಂಕಿನ ತೂತಿನಿಂದ ಒಂದು ಉದ್ದ ಬೋಲ್ಟು, ದಪ್ಪ ವಾಷರ್ ಹಾಕಿ ಟೂಲಿಗೆ ಬಿಗಿಯಿರಿ. ಈಗ ಮೇಲಿನಿಂದ ನೋಡಿದಂತೆ ಕ್ರ್ಯಾಂಕನ್ನು ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ. ಅದು ಮಿಸುಕಿದ ತಕ್ಷಣ ನಿಲ್ಲಿಸಿ ಬೋಲ್ಟು ಕಾಲು ಸುತ್ತು ಸಡಿಲಿಸಿ, ಮತ್ತೆ ತಿರುಗಿಸಿ. ಬೋಲ್ಟು ಸಡಿಲಿಸದೆ ಒಂದೇ ಪಟ್ಟಿಗೆ ಎಳೆದರೆ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತು ಬರುತ್ತದೆ. ಹೊಸದನ್ನು ಹಾಕುವಾಗ ಥ್ರೆಡ್ಡಿಗೆ ಗ್ರೀಸು ಹಚ್ಚುವುದನ್ನು ಮರೆತರೆ ಮುಂದಿನ ಸಲ ಬಿಚ್ಚುವ ಕೆಲಸ ಗ್ಯಾಸ್ ಟಾರ್ಚಿನವನ ಪಾಲಾಗುತ್ತದೆ.

ಇನ್ನೊಂದು. ಫ್ರೀವೀಲ್ ಮುಂದಿದ್ದಾಗ ಹಿಂದಿನ ಹಬ್ಬಿಗೆ ಹಲ್ಲುಚಕ್ರ ಬಿಗಿಯಾಗಿ ಕೂತಿರುತ್ತದೆ. ಪೆಡಲ್ ನಿಲ್ಲಿಸಿದರೂ ಚೈನ್ ಓಡುತ್ತಲೇ ಇರುತ್ತದೆ. ಶೂ ಲೇಸು, ಪ್ಯಾಂಟಿನ ತುದಿ, ಚೈನ್ ಒರೆಸುವ ಬೆರಳು, ಈ ಮೂರರ ಬಗ್ಗೆ ಎಚ್ಚರ.

ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಫ್ರೇಮಿನ ಹೆಡ್ ಟ್ಯೂಬಿನ ಕೆಳಗೆ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಮಾರಿದವರು ಬರೀ ಪೇಂಟ್ ಬಿರುಕು ಎನ್ನುತ್ತಾರೆ. ಬಿರುಕೇ ಆಗಿದ್ದರೆ ವೆಲ್ಡ್ ಮಾಡಿಸಬಹುದೇ?
— ಓದುಗರು, ಮೈಸೂರು

ಕಣ್ಣಿನಿಂದ ತೀರ್ಮಾನಿಸಬೇಡಿ. ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಡೈ ಪೆನಿಟ್ರೆಂಟ್ ಎಂಬ ಮೂರು ಸ್ಪ್ರೇ ಡಬ್ಬಿಗಳ ಸೆಟ್ಟು ಸಿಗುತ್ತದೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಗೆರೆಯ ಸುತ್ತ ಎರಡು ಇಂಚು ಜಾಗದ ಪೇಂಟನ್ನು ರಿಮೂವರ್ ಹಚ್ಚಿ ತೆಗೆಯಿರಿ. ಎಮರಿ ಕಾಗದದಿಂದ ಜೋರಾಗಿ ಉಜ್ಜಿದರೆ ಮೆತ್ತನೆಯ ಅಲ್ಯೂಮಿನಿಯಂ ಬಿರುಕಿನ ಬಾಯಿಗೆ ಮೆತ್ತಿಕೊಂಡು ಬಿರುಕೇ ಮುಚ್ಚಿಹೋಗುತ್ತದೆ. ಕ್ಲೀನರಿನಿಂದ ಒರೆಸಿ, ಒಣಗಿಸಿ, ಕೆಂಪು ಬಣ್ಣ ಸಿಂಪಡಿಸಿ ಹತ್ತು ನಿಮಿಷ ಬಿಡಿ. ಆಮೇಲೆ ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಒರೆಸಿ. ಫ್ರೇಮಿನ ಮೇಲೆ ನೇರವಾಗಿ ಕ್ಲೀನರ್ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್ ತೆಳ್ಳಗೆ. ಐದಾರು ನಿಮಿಷದಲ್ಲಿ ಬಿಳಿಯ ಮೇಲೆ ಕೆಂಪು ಗೆರೆ ಮೂಡಿದರೆ ಲೋಹವೇ ಸೀಳಿದೆ. ಏನೂ ಮೂಡದಿದ್ದರೆ ಅದು ಪೇಂಟು.

ಬಣ್ಣದ ಡಬ್ಬಿ ಕೈಯಲ್ಲಿದ್ದಾಗಲೇ ಉಳಿದ ಜಾಗಗಳನ್ನೂ ನೋಡಿಬಿಡಿ: ಡೌನ್ ಟ್ಯೂಬಿನ ಅಡಿಭಾಗ, ಬಿಬಿ ಹತ್ತಿರ ಚೈನ್‌ಸ್ಟೇ (ಹಿಂಚಕ್ರದ ಇಬ್ಬದಿಗೆ ಹೋಗುವ ಕೊಳವೆ) ಸೇರುವ ಕವಲು, ಹಿಂದಿನ ಬ್ರೇಕ್ ಕೂರುವ ಬೆಸುಗೆ, ಡ್ರಾಪ್‌ಔಟುಗಳ ಬುಡ. ಹೈಡ್ರಾಲಿಕ್ ರಿಮ್ ಬ್ರೇಕಿನ ಒತ್ತಡ ಜೋರು, ಅದು ಎರಡೂ ಸ್ಟೇಗಳನ್ನು ಪ್ರತಿ ಸಲ ಹೊರಕ್ಕೆ ಅಗಲಿಸುತ್ತದೆ. ಹಾಗಾಗಿ ಆ ಬೆಸುಗೆ ಬೇಗ ದಣಿಯುತ್ತದೆ.

ವೆಲ್ಡಿಂಗ್ ಬಗ್ಗೆ ನಮ್ಮ ಮಾತು ನೇರ: ಬೇಡ. 6061 ದರ್ಜೆಯ ಅಲ್ಯೂಮಿನಿಯಂ ಫ್ರೇಮನ್ನು ಕಾರ್ಖಾನೆಯಲ್ಲಿ ಬೆಸೆದ ಮೇಲೆ ಕುಲುಮೆಯಲ್ಲಿ ಹದ ಮಾಡಿರುತ್ತಾರೆ. ಮತ್ತೆ ಬೆಸೆದರೆ ಆ ಸುತ್ತಿನ ಲೋಹ ಹದ ಕಳೆದುಕೊಂಡು ಬಲ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಬೆಸುಗೆ ಗಟ್ಟಿ ಇರುತ್ತದೆ, ಅದರ ಪಕ್ಕದಲ್ಲೇ ಮುರಿಯುತ್ತದೆ. ಹೆಡ್ ಟ್ಯೂಬಿನಲ್ಲಿ ಮುರಿದರೆ ಮುಖವೇ ಮೊದಲು ನೆಲಕ್ಕೆ. ಫ್ರೇಮು ಉಕ್ಕಿನದಾಗಿದ್ದರೆ ಮಾತು ಬೇರೆ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಸಿ, ಹಿತ್ತಾಳೆ ಬ್ರೇಜಿಂಗ್ ಮಾಡಿಸಿ, ಮೇಲೆ ತೆಳು ಉಕ್ಕಿನ ತೇಪೆ ಹಾಕಿಸಿದರೆ ವರ್ಷಗಟ್ಟಲೆ ಬರುತ್ತದೆ.

ಸೀಟೇ ಇಲ್ಲದ ಸೈಕಲ್ ಯಾಕೆ? ಅಷ್ಟು ಉಳಿಸಿ ಏನು ಸಿಗುತ್ತದೆ?
— ಓದುಗರು, ತುಮಕೂರು

ತೂಕಕ್ಕಿಂತ ಜಾಗ ಮುಖ್ಯ. ಕುಪ್ಪಳಿಸುವಾಗ ಮೊಣಕಾಲು ಪೂರ್ತಿ ಮಡಚಿ, ಸೈಕಲ್ಲನ್ನು ಎದೆಯ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಸೀಟಿದ್ದರೆ ಅದು ಹೊಟ್ಟೆಗೆ ಗುದ್ದುತ್ತದೆ. ನಿಮ್ಮ ಹಳೆಯ ಸೈಕಲ್ಲಿನಲ್ಲಿ ಸೀಟ್ ಪೋಸ್ಟನ್ನು ತಳಕ್ಕೆ ಇಳಿಸಿದರೆ ಸಾಕು. ಪೂರ್ತಿ ತೆಗೆದರೆ ಟ್ಯೂಬಿನ ಬಾಯಿಗೆ ರಬ್ಬರ್ ಬಿರಡೆ ಹಾಕಿ. ಬಿದ್ದಾಗ ಆ ಚೂಪಾದ ಅಂಚು ತೊಡೆಗೆ ಒಳ್ಳೆಯದಲ್ಲ, ಮಳೆನೀರು ಬಿಬಿಗೆ ಒಳ್ಳೆಯದಲ್ಲ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ದಾವಣಗೆರೆಯ ಅಣ್ಣನ ಮಗ ಟ್ರಯಲ್ಸ್ ಕಲಿಯುತ್ತಿದ್ದಾನೆ. ಇಲ್ಲಿ ಹಳೆಯ ಭಾಗಗಳು ಅಗ್ಗಕ್ಕೆ ಸಿಗುತ್ತವೆ. ಒಂದು ಸೂಟ್‌ಕೇಸಿನಲ್ಲಿ ಏನೇನು ತರಲಿ?
— ಓದುಗರು, ಬರ್ಮಿಂಗ್‌ಹ್ಯಾಮ್

ಮೊದಲು ಹುಡುಗನಿಂದ ನಾಲ್ಕು ಅಳತೆ ತರಿಸಿಕೊಳ್ಳಿ: ಫೋರ್ಕಿನ ಸ್ಟಿಯರರ್ ಕೊಳವೆಯ ಹೊರವ್ಯಾಸ, ಬಿಬಿ ಶೆಲ್ಲಿನ ಅಗಲ, ಹಿಂದಿನ ಡ್ರಾಪ್‌ಔಟುಗಳ ನಡುವಿನ ಅಂತರ, ಚಕ್ರದ ವ್ಯಾಸದ ಅಂಕಿ. ಸ್ಟಿಯರರ್ 28.6 ಮಿ.ಮೀ. ಇದ್ದರೆ ನೀವು ಅಲ್ಲಿಂದ ತರುವ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ಭಾಗ) ಕೂರುತ್ತದೆ. ಹಳೆಯ ನಮೂನೆಯ 25.4ರ ಥ್ರೆಡ್ಡಿನ ಫೋರ್ಕಾಗಿದ್ದರೆ ತಂದದ್ದು ವ್ಯರ್ಥ. ಬಿಬಿ ಶೆಲ್ 68 ಅಥವಾ 73 ಇರಬೇಕು. ಕಾಟರ್ ಪಿನ್ನಿನ ಕ್ರ್ಯಾಂಕೋ, ಮಕ್ಕಳ ಬಿಎಂಎಕ್ಸಿನ ಒಂದೇ ತುಂಡಿನ ಕ್ರ್ಯಾಂಕೋ ಆಗಿದ್ದರೆ ಮೊದಲು ಫ್ರೇಮೇ ಬದಲಾಗಬೇಕು. ಅಂಥ ಬಿಎಂಎಕ್ಸ್ ಕ್ರ್ಯಾಂಕಿಗೆ ಪೆಡಲ್ ಕೂಡ ½ ಇಂಚಿನ ಥ್ರೆಡ್ಡಿನದು. ಟ್ರಯಲ್ಸ್ ಪೆಡಲ್ 9/16.

ಸೂಟ್‌ಕೇಸಿನ ಜಾಗಕ್ಕೆ ತಕ್ಕ ಬೆಲೆ ಬರುವುದು ಇಲ್ಲಿ ಸಿಗದ ಸಣ್ಣ ವಸ್ತುಗಳಿಂದ. ಹಳೆಯದಾದರೂ ಸರಿ ಎನ್ನಬಹುದಾದವು: ಹಬ್ಬುಗಳು, ಹೈಡ್ರಾಲಿಕ್ ರಿಮ್ ಬ್ರೇಕಿನ ಜೋಡಿ, ಹಿಂದಿನ 12 ಅಥವಾ 15 ಹಲ್ಲಿನ ಸ್ಕ್ರೂ ಚಕ್ರ, ಚೈನ್ ಟೆನ್ಷನರ್, ತಳ ಕಾಯುವ ಬ್ಯಾಶ್ ಪ್ಲೇಟು. ಅಳೆದು, ತಿರುಗಿಸಿ, ಹಿಂಡಿ ನೋಡಿದರೆ ಇವುಗಳ ಆರೋಗ್ಯ ಗೊತ್ತಾಗುತ್ತದೆ. ಹೊಸದನ್ನೇ ತರಬೇಕಾದವು: ಫ್ರೀವೀಲ್, ಬ್ರೇಕ್ ಪ್ಯಾಡುಗಳು, ಚೈನ್, ಹ್ಯಾಂಡಲ್‌ಬಾರ್, ಸ್ಟೆಮ್. ಕೊನೆಯ ಎರಡು ಹೊರಗೆ ಹೊಳೆಯುತ್ತಲೇ ಒಳಗೆ ದಣಿದಿರುತ್ತವೆ, ಹೇಳದೆ ಕೇಳದೆ ಎರಡು ತುಂಡಾಗುತ್ತವೆ. ಕ್ರ್ಯಾಂಕು ಮಾತ್ರ ನಡುವಿನ ವಸ್ತು. ಪೆಡಲ್ ಕೂರುವ ತೂತಿನ ಸುತ್ತ, ಬಿಬಿ ಕೂರುವ ತೂತಿನ ಮೂಲೆಗಳಲ್ಲಿ ಭೂತಗನ್ನಡಿ ಹಿಡಿದು ನೋಡಿ, ಒಂದೇ ಒಂದು ಗೆರೆ ಇದ್ದರೂ ಬಿಟ್ಟುಬಿಡಿ. ಬ್ರೇಕಿನ ಹೋಸನ್ನು ಬಿಚ್ಚದೆ, ಲಿವರ್ ಸಮೇತ ಸುತ್ತಿ ತನ್ನಿ.

ಜಾಗ ಉಳಿದರೆ ಟಯರು. ಹಳೆಯ ಟಯರು ಬೇಡ, ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ರಬ್ಬರು ನಮ್ಮ ಕರಿಕಲ್ಲಿನ ಮೇಲೆ ಸೋಪಿನಂತೆ ಜಾರುತ್ತದೆ.

ಹಳೆಯ ಮಗುರಾ ಎಚ್‌ಎಸ್33 ಹೈಡ್ರಾಲಿಕ್ ರಿಮ್ ಬ್ರೇಕ್ ಸಿಕ್ಕಿದೆ. ಲಿವರ್ ಹಿಂಡಿದರೆ ಹ್ಯಾಂಡಲಿಗೇ ತಾಗುತ್ತದೆ, ಎರಡು ಮೂರು ಸಲ ಹಿಂಡಿದರೆ ಗಟ್ಟಿಯಾಗುತ್ತದೆ. ಗ್ಯಾರೇಜಿನವರು ಡಾಟ್ 4 ಎಣ್ಣೆ ಹಾಕೋಣ ಎನ್ನುತ್ತಾರೆ. ಹಾಕಿಸಲೇ?
— ಓದುಗರು, ಶಿವಮೊಗ್ಗ

ಬೇಡವೇ ಬೇಡ. ಈ ಜರ್ಮನ್ ಬ್ರೇಕಿನ ಸೀಲುಗಳು ಮಿನರಲ್ ಎಣ್ಣೆಗೆಂದು ಮಾಡಿದವು. ಬೈಕು, ಕಾರಿನ ಡಾಟ್ ಎಣ್ಣೆ ತಾಗಿದರೆ ರಬ್ಬರು ಊದಿಕೊಂಡು ಪಿಸ್ಟನ್ ಹಿಂದಕ್ಕೆ ಬರುವುದೇ ನಿಲ್ಲುತ್ತದೆ. ಒಮ್ಮೆ ಹಾಕಿದ ಬ್ರೇಕನ್ನು ತೊಳೆದು ಉಳಿಸುವುದು ಕಷ್ಟ. ಮಗುರಾದವರದೇ ಎಣ್ಣೆ ಸಿಗದಿದ್ದರೆ ಸೈಕಲ್ ಅಂಗಡಿಗಳಲ್ಲಿ ಸಿಗುವ ಶಿಮಾನೊ ಮಿನರಲ್ ಎಣ್ಣೆ ನಡೆಯುತ್ತದೆ.

ಹಿಂಡಿ ಹಿಂಡಿ ಗಟ್ಟಿಯಾಗುತ್ತಿದೆ ಎಂದರೆ ಒಳಗೆ ಗಾಳಿ ಸೇರಿದೆ. ಗಾಳಿ ತೆಗೆಯಲು 20 ಮಿ.ಲೀ. ಸಿರಿಂಜು ಎರಡು, ಪಾರದರ್ಶಕ ಸಣ್ಣ ಪೈಪು, ಬ್ಲೀಡ್ ತೂತಿಗೆ ಕೂರುವ ನಿಪ್ಪಲ್ಲು ಬೇಕು. ಲಿವರಿನ ಪ್ಯಾಡ್ ಹೊಂದಿಸುವ ತಿರುಪನ್ನು ಪೂರ್ತಿ ಹೊರಕ್ಕೆ ತಿರುಗಿಸಿಡಿ. ಇದನ್ನು ಮರೆತರೆ ಮುಂದಿನದೆಲ್ಲ ದಂಡ. ಹ್ಯಾಂಡಲಿನ ಮೇಲೆ ಲಿವರನ್ನು ತಿರುಗಿಸಿ ಅದರ ಬ್ಲೀಡ್ ತೂತು ಇಡೀ ವ್ಯವಸ್ಥೆಯಲ್ಲೇ ಎತ್ತರದಲ್ಲಿರುವಂತೆ ಮಾಡಿ. ಕೆಳಗಿನ ಸಿಲಿಂಡರಿನ ಬ್ಲೀಡ್ ಸ್ಕ್ರೂ ತೆಗೆದು ಎಣ್ಣೆ ತುಂಬಿದ ಸಿರಿಂಜು ಹಾಕಿ, ಮೇಲೆ ಖಾಲಿ ಸಿರಿಂಜು. ಕೆಳಗಿನಿಂದ ನಿಧಾನ ಒತ್ತಿ. ಜೋರಾಗಿ ಒತ್ತಿದರೆ ದೊಡ್ಡ ಗುಳ್ಳೆ ಚೂರಾಗಿ ನೊರೆಯಾಗುತ್ತದೆ, ನೊರೆ ಬೇಗ ಹೊರಗೆ ಬರುವುದಿಲ್ಲ. ನಡುನಡುವೆ ಸಿಲಿಂಡರುಗಳನ್ನು, ಹೋಸನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಎರಡು ಸಿಲಿಂಡರ್ ಜೋಡಿಸುವ ಬಾಗಿದ ಹೋಸಿನ ನೆತ್ತಿಯಲ್ಲೇ ಗಾಳಿ ಅವಿತುಕೊಳ್ಳುವುದು. ಗುಳ್ಳೆ ನಿಂತ ಮೇಲೆ ಮೊದಲು ಲಿವರಿನ ಸ್ಕ್ರೂ, ಆಮೇಲೆ ಕೆಳಗಿನದು. ಬಿಗಿ 4 ನ್ಯೂಟನ್ ಮೀಟರ್ ಅಷ್ಟೇ. ಅಂದರೆ ಸಣ್ಣ ಅಲೆನ್ ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು ಬರುವಷ್ಟು.

ಮರುದಿನ ಮತ್ತೆ ಮೆತ್ತಗಾದರೆ ಗಾಳಿ ಎಲ್ಲಿಂದಲೋ ಒಳಬರುತ್ತಿದೆ. ಟಿಶ್ಯೂ ಕಾಗದ ಸುತ್ತಿ ಲಿವರನ್ನು ರಬ್ಬರ್ ಬ್ಯಾಂಡಿನಲ್ಲಿ ರಾತ್ರಿಯಿಡೀ ಹಿಂಡಿ ಇಡಿ. ಒದ್ದೆಯಾದ ಜಾಗವೇ ಕಳ್ಳ. ಹೋಸಿನ ತುದಿಯಾದರೆ ತುದಿ ಕತ್ತರಿಸಿ ಹೊಸ ಆಲಿವ್ (ಹೋಸಿನ ತುದಿಯನ್ನು ಬಿಗಿಸುವ ಉಂಗುರ) ಹಾಕಿ ಬಿಗಿದರೆ ಮುಗಿಯಿತು. ಲಿವರಿನ ದೇಹವೇ ಸೀಳಿದ್ದರೆ ಅದು ಗುಜರಿಗೆ.

ಗಾಳಿ ತೆಗೆದರೂ ಲಿವರ್ ಸ್ಪಂಜಿನಂತಿದೆ ಎಂದರೆ ಹಿಂಡುವಾಗ ಫ್ರೇಮಿನ ಸ್ಟೇಗಳನ್ನೇ ದಿಟ್ಟಿಸಿ. ಅಗಲುತ್ತಿರುತ್ತವೆ. 6 ಮಿ.ಮೀ. ಅಲ್ಯೂಮಿನಿಯಂ ಹಲಗೆಯಲ್ಲಿ ಲಾಳದಾಕಾರದ ಬೂಸ್ಟರ್ ಕತ್ತರಿಸಿ ಎರಡೂ ಸಿಲಿಂಡರಿನ ಬೋಲ್ಟಿಗೆ ಸೇರಿಸಿ ಬಿಗಿಯಿರಿ. ತೂತುಗಳ ಅಂತರವನ್ನು ನಿಮ್ಮ ಫ್ರೇಮಿನಲ್ಲೇ ಅಳೆಯಬೇಕು, ಬೇರೆಯವರ ಅಳತೆ ಹೊಂದುವುದಿಲ್ಲ.

ರಿಮ್ಮಿನ ಪಕ್ಕೆಯನ್ನು ಗ್ರೈಂಡರಿನಲ್ಲಿ ಒರಟು ಮಾಡಿದರೆ ಬ್ರೇಕ್ ಜಪ್ಪಯ್ಯ ಅಂದರೂ ಬಿಡುವುದಿಲ್ಲ ಎಂದು ಕೇಳಿದ್ದೇನೆ. ಡಾಂಬರು ಹಚ್ಚುವವರೂ ಇದ್ದಾರಂತೆ. ಯಾವುದು ಒಳ್ಳೆಯದು?
— ಓದುಗರು, ಬೆಂಗಳೂರು

ಎರಡೂ ನಿಜ. ನುಣುಪು ರಿಮ್ಮಿಗೆ ರಸ್ತೆಯ ಡಾಂಬರಿನ ಬಟಾಣಿಯಷ್ಟು ತುಣುಕನ್ನು ಉಜ್ಜಿ ಒಂದೆರಡು ಸಲ ಬ್ರೇಕ್ ಹಿಡಿದರೆ ಪಟ್ಟು ಸಿಗುತ್ತದೆ, ಜೊತೆಗೆ ಬೀದಿಗೆಲ್ಲ ಕೇಳುವ ಕಿರುಚಾಟವೂ. ಮಳೆಯಲ್ಲಿ ಅದು ಕೆಲಸಕ್ಕೆ ಬಾರದು. ಹೆಚ್ಚಾದರೆ ಪ್ಯಾಡು ರಿಮ್ಮಿಗೆ ಅಂಟಿಕೊಂಡು ಚಕ್ರ ಬಿಡುವುದೇ ಇಲ್ಲ, ಆಗ ಸ್ಪಿರಿಟ್ಟಿನಿಂದ ಒರೆಸಬೇಕು. ಹಳೆಯ, ತೆಳು ರಿಮ್ಮಿಗೆ ಡಾಂಬರೇ ಸರಿ.

ಗ್ರೈಂಡಿಂಗ್ ಮಾಡುವ ಮೊದಲು ರಿಮ್ಮಿನ ಗೋಡೆಯ ದಪ್ಪ ಅಳೆಯಿರಿ. ವರ್ನಿಯರ್ ಬಾಯಿಗೆ ಗೋಡೆಯ ಒಳಗಿನ ತುಟಿ ಅಡ್ಡ ಬರುತ್ತದೆ. ಒಳಗೊಂದು 4 ಮಿ.ಮೀ. ಕಂಬಿ, ಹೊರಗೊಂದು ಅಂಥದೇ ಕಂಬಿ ಇಟ್ಟು ಒಟ್ಟು ಅಳೆದು 8 ಕಳೆಯಿರಿ. 1.5 ಮಿ.ಮೀ.ಗಿಂತ ಕಡಿಮೆ ಇದ್ದರೆ ಗ್ರೈಂಡರ್ ಮುಟ್ಟಿಸಬೇಡಿ. ಸವೆದು 1ಕ್ಕೆ ಇಳಿದರೆ ಗಾಳಿಯ ಒತ್ತಡಕ್ಕೇ ಗೋಡೆ ಸೀಳಬಹುದು. ಸೆಕೆಂಡ್ ಹ್ಯಾಂಡ್ ಟ್ರಯಲ್ಸ್ ರಿಮ್‌ಗಳಲ್ಲಿ ಮೊದಲು ನೋಡಬೇಕಾದ್ದೂ ಇದನ್ನೇ, ಯಾಕೆಂದರೆ ಹಿಂದಿನವರು ಎಷ್ಟು ಸಲ ಉಜ್ಜಿದ್ದಾರೋ ರಿಮ್ಮು ಹೇಳುವುದಿಲ್ಲ.

ದಪ್ಪವಿದ್ದರೆ ಟಯರು, ಟ್ಯೂಬು ತೆಗೆದು ಚಕ್ರವನ್ನು ಫ್ರೇಮಿನಲ್ಲೇ ಬಿಡಿ. 100 ಮಿ.ಮೀ. ಗ್ರೈಂಡರಿಗೆ ಕಲ್ಲು ಉಜ್ಜುವ 6 ಮಿ.ಮೀ. ದಪ್ಪದ ಡಿಸ್ಕು. ಕತ್ತರಿಸುವ ತೆಳು ಡಿಸ್ಕನ್ನು ಪಕ್ಕಕ್ಕೆ ಒತ್ತಿದರೆ ಅದು ಸಿಡಿಯುತ್ತದೆ. ಕಣ್ಣಿಗೆ ಗಾಗಲ್ ಇಲ್ಲದೆ ಶುರು ಮಾಡಬೇಡಿ. ಡಿಸ್ಕನ್ನು ಓರೆಯಾಗಿ ಹಿಡಿದು, ತಾಗಿತೋ ಇಲ್ಲವೋ ಎಂಬಂತೆ ಮುಟ್ಟಿಸಿ ಎತ್ತಿ. ಓರೆ ಗೆರೆಗಳು ಒತ್ತೊತ್ತಾಗಿ ಬರಬೇಕು, ಗುಂಡಿ ಬೀಳಬಾರದು. ಆಮೇಲೆ ಗಟ್ಟಿ ಪ್ಯಾಡು ಹಾಕಿ. ಸಾದಾ ರಬ್ಬರ್ ಪ್ಯಾಡನ್ನು ಈ ರಿಮ್ ಒಂದೇ ವಾರದಲ್ಲಿ ತುರಿದು ಹಾಕುತ್ತದೆ.

ಕಡಲ ಪಕ್ಕದ ಊರು, ನಾಲ್ಕು ತಿಂಗಳು ಮಳೆ. ಬೋಲ್ಟುಗಳೆಲ್ಲ ತುಕ್ಕು ಹಿಡಿಯುತ್ತವೆ ಎಂದು ಪೂರ್ತಿ ಸ್ಟೇನ್‌ಲೆಸ್ ಹಾಕಿದ್ದೇನೆ. ಸರಿಯೇ?
— ಓದುಗರು, ಮಂಗಳೂರು

ಬ್ಯಾಶ್ ಪ್ಲೇಟು, ಲಿವರಿನ ಕ್ಲ್ಯಾಂಪಿಗೆ ಸರಿ. ಸ್ಟೆಮ್ಮಿಗೆ, ಕ್ರ್ಯಾಂಕಿಗೆ ಬೇಡ. ಅಂಗಡಿಯ ಸಾದಾ ಸ್ಟೇನ್‌ಲೆಸ್ ಎ2-70 ಬೋಲ್ಟಿನ ಬಲ 700 ಮೆಗಾಪಾಸ್ಕಲ್. ತಲೆಯ ಮೇಲೆ 12.9 ಎಂದಿರುವ ಕಪ್ಪು ಬೋಲ್ಟಿನದು 1200. ಕಪ್ಪು ಬೋಲ್ಟೇ ಹಾಕಿ, ಗ್ರೀಸು ಹಚ್ಚಿ, ತುಕ್ಕು ಕಂಡರೆ ಬದಲಿಸಿ. ಒಂದು ಬೋಲ್ಟು ಅಗ್ಗ.

ನಿಮ್ಮ ಕಡೆಯ ದೊಡ್ಡ ತೊಂದರೆ ಬೋಲ್ಟಲ್ಲ, ಅಲ್ಯೂಮಿನಿಯಂ ಶೆಲ್ಲಿನೊಳಗೆ ಉಕ್ಕಿನ ಬಿಬಿ ಕಚ್ಚಿಕೊಳ್ಳುವುದು. ಉಪ್ಪಿನ ಗಾಳಿ ಎರಡು ಲೋಹಗಳ ನಡುವೆ ಬಿಳಿ ಪುಡಿ ಬೆಳೆಸಿ ಬೆಸೆದುಬಿಡುತ್ತದೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಬಿ ಬಿಚ್ಚಿ, ಫ್ರೇಮಿನೊಳಗೆ ನಿಂತ ನೀರು ಸುರಿದು, ಥ್ರೆಡ್ಡಿಗೆ ಧಾರಾಳ ಗ್ರೀಸು ಹಚ್ಚಿ. ಬಲಗಡೆಯ ಬಿಬಿ ಬಟ್ಟಲು (ಕಪ್) ಉಲ್ಟಾ ಥ್ರೆಡ್ಡಿನದು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಕ್ರ್ಯಾಂಕ್ ಬೋಲ್ಟಿಗೆ 40 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದವರು 20 ಸೆಂ.ಮೀ. ಪಾನಾದ ತುದಿಗೆ ಇಪ್ಪತ್ತು ಕಿಲೊ ಭಾರ ಬಿಡುವ ಅಂದಾಜು ಇಟ್ಟುಕೊಳ್ಳಿ.

ಚೈನನ್ನೂ ಅಳೆಯಿರಿ. 24 ಕೊಂಡಿಗಳ ದೂರ, ಪಿನ್ನಿನಿಂದ ಪಿನ್ನಿಗೆ, ಹೊಸದರಲ್ಲಿ 304.8 ಮಿ.ಮೀ. ಅದು 306.3 ದಾಟಿದರೆ ಬದಲಿಸಿ. ರಸ್ತೆಯ ಸೈಕಲ್ಲಾದರೆ ಇನ್ನಷ್ಟು ದಿನ ಓಡಿಸಬಹುದಿತ್ತು. ಟ್ರಯಲ್ಸ್‌ನಲ್ಲಿ ಚೈನ್ ಹರಿಯುವುದು ಪೂರ್ತಿ ಬಲ ಹಾಕಿ ಒದೆಯುವಾಗಲೇ.

ಮೈಸೂರಿನಲ್ಲೇ ತಯಾರಾದ ಹಳೆಯ ಯೆಜ್ಡಿ ಇದೆ. ಅದನ್ನು ಮೋಟಾರ್ ಟ್ರಯಲ್ಸ್‌ಗೆ ಬದಲಿಸಬಹುದೇ?
— ಓದುಗರು, ಮೈಸೂರು

ಈಗಿನ ಮೋಟಾರ್ ಟ್ರಯಲ್ಸ್ ಬೈಕುಗಳು 70 ಕಿಲೊ ಆಸುಪಾಸು ತೂಗುತ್ತವೆ. ಯೆಜ್ಡಿ ಅದರ ಎರಡರಷ್ಟು. ಫ್ರೇಮು ಕತ್ತರಿಸಿ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ರಸ್ತೆಗೆ ಇಳಿಸುವಂತಿಲ್ಲ. ಅದನ್ನು ಹಾಗೇ ಚೆನ್ನಾಗಿ ಇಟ್ಟುಕೊಳ್ಳಿ.

ಟಯರಿಗೆ ಎಷ್ಟು ಗಾಳಿ? ಕಡಿಮೆ ಹಾಕಿದರೆ ಟ್ಯೂಬಿಗೆ ಜೋಡಿ ತೂತು ಬೀಳುತ್ತದೆ, ಜಾಸ್ತಿ ಹಾಕಿದರೆ ಬಂಡೆಯ ಮೇಲೆ ಚೆಂಡಿನಂತೆ ಪುಟಿಯುತ್ತದೆ.
— ಓದುಗರು, ರಾಮನಗರ

65–70 ಕಿಲೊ ತೂಗುವವರು 26 ಇಂಚಿನ, 2.35 ಅಗಲದ ಟಯರಿಗೆ ಹಿಂದೆ 22, ಮುಂದೆ 25 ಪಿಎಸ್‌ಐಯಿಂದ ಶುರು ಮಾಡಿ. ಹಿಂದಿನದಕ್ಕೆ ಕಡಿಮೆ ಯಾಕೆಂದರೆ ಅಂಚು ಕಚ್ಚಿ ಹಿಡಿಯಬೇಕಾದ್ದು ಅದೇ. ಪೆಟ್ರೋಲ್ ಬಂಕಿನ ಗಾಳಿಯಲ್ಲಿ ಈ ಅಳತೆ ಸಿಗುವುದಿಲ್ಲ. ಕಡಿಮೆ ಒತ್ತಡ ತೋರಿಸುವ ಗೇಜು ಇರುವ ಕೈಪಂಪು ಬೇಕು.

ಆಮೇಲೆ ಮೆಟ್ಟಿಲಿನ ಚೂಪು ಅಂಚಿಗೆ ಹಿಂಚಕ್ರ ಇಟ್ಟು, ಎರಡೂ ಪೆಡಲ್ ಮೇಲೆ ನಿಂತು, ಪೂರ್ತಿ ಮೈಭಾರ ಹಾಕಿ ಒಮ್ಮೆ ಜಗ್ಗಿ. ರಿಮ್ಮು ಕಲ್ಲಿಗೆ ತಾಗಿ ಟಣ್ ಎಂದರೆ 2 ಪಿಎಸ್‌ಐ ಏರಿಸಿ ಮತ್ತೆ ಜಗ್ಗಿ. ಸದ್ದು ನಿಂತ ಒತ್ತಡವೇ ನಿಮ್ಮದು, ಪಂಪಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಟ್ಯೂಬು ದಪ್ಪ ರಬ್ಬರಿನದಿರಲಿ. ಜೋಡಿ ತೂತು ಬಿದ್ದಾಗ ಟ್ಯೂಬಿಗೆ ತೇಪೆ ಹಾಕಿ ಸುಮ್ಮನಾಗದೆ ರಿಮ್ಮಿನ ಅಂಚನ್ನು ಬೆರಳಿನಿಂದ ಸವರಿ. ಅಲ್ಲೇ ತಗ್ಗು ಬಿದ್ದು ಚೂಪು ಎದ್ದಿದ್ದರೆ ಅರದಿಂದ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಮುಂದಿನ ತೂತು ಟಯರಿನ ಪಕ್ಕೆಗೆ.